ಟ್ರೋಮ್ಸೊದಿಂದ ಲಾಂಗಿಯರ್‌ಬಿಯೆನ್‌ಗೆ: ದೂರ, ವಿಮಾನದ ಸಮಯ, ವೀಸಾ – ಪದೇ ಪದೇ ಕೇಳುವ ಪ್ರಶ್ನೆಗಳು

ಟ್ರೋಮ್ಸೊ ಉತ್ತರ ನಾರ್ವೆಯ ಊರು, ಆರ್ಕ್ಟಿಕ್ ವೃತ್ತದಿಂದಲೂ ಸಾಕಷ್ಟು ಮೇಲಿದೆ. ಅಲ್ಲಿಂದ ಸಮುದ್ರ ದಾಟಿ ಇನ್ನೂ ಉತ್ತರಕ್ಕೆ ಹೋದರೆ ಸ್ವಾಲ್ಬಾರ್ಡ್ ದ್ವೀಪಸಮೂಹ, ಅದರ ಮುಖ್ಯ ಊರು ಲಾಂಗಿಯರ್‌ಬಿಯೆನ್. ಉತ್ತರದ ಬೆಳಕು, ಅಂದರೆ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು (ಅರೋರಾ) ನೋಡಲು ಟ್ರೋಮ್ಸೊವರೆಗೆ ಹೋಗುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಅವರಲ್ಲಿ ಕೆಲವರಿಗೆ, ಇಷ್ಟು ದೂರ ಬಂದಿದ್ದೇವೆ, ಇನ್ನೊಂದು ವಿಮಾನ ಹತ್ತಿ ಅದನ್ನೂ ನೋಡಿಬಿಡೋಣ ಅನ್ನಿಸುತ್ತದೆ. ಆಸೆ ಒಳ್ಳೆಯದೇ. ಆದರೆ ಭಾರತದ ಪಾಸ್‌ಪೋರ್ಟ್ ಇರುವವರು ಕಿಲೋಮೀಟರ್ ಲೆಕ್ಕಕ್ಕಿಂತ ಮೊದಲು ವೀಸಾದ ಪ್ರಶ್ನೆಗೆ ಹೋಗಿ ಓದುವುದು ಮೇಲು.

ಎರಡು ವಿಮಾನ ನಿಲ್ದಾಣಗಳ ನಡುವೆ ದೂರ ಎಷ್ಟು?

ನೇರ ದೂರ ಸುಮಾರು 960 ಕಿಲೋಮೀಟರ್. ವಿಮಾನದವರ ಲೆಕ್ಕದಲ್ಲಿ ಸುಮಾರು 520 ನಾಟಿಕಲ್ ಮೈಲಿ. ಟ್ರೋಮ್ಸೊ ನಿಲ್ದಾಣದ ಕೋಡ್ ಟಿಓಎಸ್, ಲಾಂಗಿಯರ್‌ಬಿಯೆನ್‌ನದು ಎಲ್‌ವೈಆರ್. ಟಿಕೆಟ್ ಹುಡುಕುವಾಗ ಊರಿನ ಹೆಸರು ಹೊಡೆಯಲು ಒದ್ದಾಡುವ ಬದಲು ಈ ಮೂರಕ್ಷರ ಸಾಕು.

ಇದು ಭೂಮಿಯ ದುಂಡನ್ನು ಲೆಕ್ಕಕ್ಕೆ ಹಿಡಿದ ಅತಿ ಹತ್ತಿರದ ದಾರಿಯ ಅಳತೆ. ವಿಮಾನ ಹಾರುವ ದಾರಿ ಇದಕ್ಕಿಂತ ಕೊಂಚ ಉದ್ದ. ಟ್ರೋಮ್ಸೊದಲ್ಲಿ ಮೇಲೇರುವಾಗ ಬೆಟ್ಟ ತಪ್ಪಿಸಿ ತಿರುಗಬೇಕು, ಆ ಕಡೆ ಇಳಿಯುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ನೋಡಿಕೊಂಡು ರನ್‌ವೇಯ ಆ ತುದಿಗೆ ಸುತ್ತಿ ಬರಬೇಕು. ಆದರೂ ಕೆಳಗೆ ಸಮುದ್ರ, ಮೇಲೆ ಖಾಲಿ ಆಕಾಶ. ಯುರೋಪಿನ ನಡುಮಧ್ಯದ ಹಾಗೆ ವಿಮಾನಗಳ ನೂಕುನುಗ್ಗಲು ಇಲ್ಲಿಲ್ಲ. ಹಾಗಾಗಿ ನೇರ ದೂರಕ್ಕೂ ಹಾರುವ ದೂರಕ್ಕೂ ಹೆಚ್ಚು ವ್ಯತ್ಯಾಸ ಬೀಳುವುದಿಲ್ಲ.

ನಕ್ಷೆಯಲ್ಲಿ ನೋಡಿದರೆ ಇದಕ್ಕಿಂತ ಎಷ್ಟೋ ದೂರ ಕಾಣುತ್ತಲ್ಲ?

ಕಾಣುತ್ತದೆ, ಅದು ನಕ್ಷೆಯ ಮೋಸ. ಗೋಡೆಗೆ ತೂಗುಹಾಕುವ ಪ್ರಪಂಚದ ನಕ್ಷೆಗಳಲ್ಲಿ ಬಹಳಷ್ಟು ಮರ್ಕೇಟರ್ ವಿಧಾನದವು. ಮೊಬೈಲ್ ನಕ್ಷೆಗಳೂ ಸಾಮಾನ್ಯವಾಗಿ ಅದೇ ಜಾತಿ. ಈ ವಿಧಾನದಲ್ಲಿ ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ನೆಲ ಹಿಗ್ಗುತ್ತದೆ. ಟ್ರೋಮ್ಸೊ 69 ಡಿಗ್ರಿ 41 ನಿಮಿಷ ಉತ್ತರ ಅಕ್ಷಾಂಶದಲ್ಲಿದೆ, ಲಾಂಗಿಯರ್‌ಬಿಯೆನ್ 78 ಡಿಗ್ರಿ 15 ನಿಮಿಷದ ಹತ್ತಿರ. ಈ ಎರಡರ ನಡುವಿನ ಜಾಗ ಮರ್ಕೇಟರ್ ನಕ್ಷೆಯಲ್ಲಿ ಮೂರೂವರೆ ಪಟ್ಟಿಗೂ ಹೆಚ್ಚು ಹಿಗ್ಗಿರುತ್ತದೆ.

ಸ್ಕೇಲು ಇಟ್ಟು ನೀವೇ ಅಳೆದು ನೋಡಿ. ಬೆಂಗಳೂರಿನಿಂದ ದೆಹಲಿಗೆ ಆಕಾಶಮಾರ್ಗದಲ್ಲಿ ಸುಮಾರು 1,700 ಕಿ.ಮೀ. ಟ್ರೋಮ್ಸೊ–ಲಾಂಗಿಯರ್‌ಬಿಯೆನ್ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಕ್ಷೆಯ ಮೇಲೆ ಮಾತ್ರ ಇದೇ ಹತ್ತಿರ ಹತ್ತಿರ ಎರಡು ಪಟ್ಟು ಉದ್ದ ಬರುತ್ತದೆ. ಮಕ್ಕಳಿರುವ ಮನೆಯಲ್ಲಿ ಗ್ಲೋಬ್ ಇದ್ದರೆ ಅದರ ಮೇಲೆ ದಾರ ಹಿಡಿದು ಅಳೆಯಿರಿ, ನಿಜವಾದ ಅಂತರ ತಿಳಿಯುತ್ತದೆ.

ವಿಮಾನದಲ್ಲಿ ಎಷ್ಟು ಹೊತ್ತು?

ಟಿಕೆಟ್ಟಿನಲ್ಲಿ ಸಾಮಾನ್ಯವಾಗಿ 1 ಗಂಟೆ 35 ನಿಮಿಷದಿಂದ 1 ಗಂಟೆ 45 ನಿಮಿಷದವರೆಗೆ ಇರುತ್ತದೆ. ಗಾಳಿಯಲ್ಲಿರುವುದು ಅದಕ್ಕಿಂತ ಹತ್ತು ಹದಿನೈದು ನಿಮಿಷ ಕಡಿಮೆ.

ಲೆಕ್ಕ ಬೇಕಾದವರಿಗೆ: ಇಲ್ಲಿ ಓಡುವುದು ಬೋಯಿಂಗ್ 737 ಅಥವಾ ಏರ್‌ಬಸ್ ಎ320 ವರ್ಗದ ವಿಮಾನಗಳು. ಮೇಲೇರಿದ ನಂತರ ಇವುಗಳ ವೇಗ ಗಂಟೆಗೆ ಸುಮಾರು 830 ಕಿ.ಮೀ. ಬರೀ ಭಾಗಾಕಾರ ಮಾಡಿದರೆ 960 ಕಿ.ಮೀ.ಗೆ ಒಂದು ಗಂಟೆ ಒಂಬತ್ತು ನಿಮಿಷ. ಆದರೆ ಏರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ, ಅದಕ್ಕೊಂದಿಷ್ಟು ನಿಮಿಷ. ಗೇಟಿನಿಂದ ರನ್‌ವೇವರೆಗೆ ಉರುಳಲು ಇನ್ನೊಂದಿಷ್ಟು. ಚಳಿಗಾಲದಲ್ಲಿ ರೆಕ್ಕೆಯ ಮೇಲಿನ ಮಂಜು ಕರಗಿಸಲು ದ್ರಾವಣ ಸಿಂಪಡಿಸುತ್ತಾರೆ, ಅದೂ ಸೇರಿತು. ಗಂಟೆಗೆ 100 ಕಿ.ಮೀ. ಎದುರುಗಾಳಿ ಇದ್ದರೆ ಹತ್ತು ನಿಮಿಷ ಹೆಚ್ಚು, ಅಷ್ಟೇ ಬೆನ್ನುಗಾಳಿ ಇದ್ದರೆ ಏಳೆಂಟು ನಿಮಿಷ ಕಡಿಮೆ.

ಬೆಂಗಳೂರು–ಮುಂಬೈ ಆಕಾಶದೂರ ಇದಕ್ಕಿಂತ ಕಡಿಮೆ, ಸುಮಾರು 830 ಕಿ.ಮೀ. ಆದರೂ ಆ ಟಿಕೆಟ್ಟಿನಲ್ಲಿ ಒಂದೂಮುಕ್ಕಾಲು ಗಂಟೆ, ಕೆಲವೊಮ್ಮೆ ಎರಡು ಗಂಟೆಯೇ ಬರೆದಿರುತ್ತಾರೆ. ಮುಂಬೈ ಮೇಲೆ ಸುತ್ತು ಹೊಡೆಯುತ್ತಾ ಸರದಿ ಕಾಯುವ ಹೊತ್ತನ್ನೂ ಕಂಪನಿಗಳು ಮೊದಲೇ ಲೆಕ್ಕಕ್ಕೆ ಸೇರಿಸಿರುತ್ತವೆ. ಲಾಂಗಿಯರ್‌ಬಿಯೆನ್ ಮೇಲೆ ಆ ಸರದಿ ಇಲ್ಲ.

ಗಡಿಯಾರ ಬದಲಿಸಬೇಕೆ?

ಬೇಡ. ಎರಡೂ ಊರು ಓಸ್ಲೊ ಸಮಯವನ್ನೇ ಪಾಲಿಸುತ್ತವೆ. ಚಳಿಗಾಲದಲ್ಲಿ ನಮ್ಮ ಸಮಯಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ.

ನನ್ನ ಹತ್ತಿರ ಷೆಂಗೆನ್ ವೀಸಾ ಇದೆ. ಅಷ್ಟು ಸಾಕಲ್ಲವೇ?

ಅದು ಎಷ್ಟು ಪ್ರವೇಶದ ವೀಸಾ ಅಂತ ಮೊದಲು ನೋಡಿ. ಈ ಮಾರ್ಗದಲ್ಲಿ ಜನ ಮುಗ್ಗರಿಸುವುದು ಇಲ್ಲೇ.

ಸ್ವಾಲ್ಬಾರ್ಡ್ ನಾರ್ವೆಯದ್ದು, ಅದರಲ್ಲಿ ತಕರಾರಿಲ್ಲ. ಆದರೆ ಅದು ಷೆಂಗೆನ್ ವಲಯದ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ, ಹೊರಗಿದೆ. ಟ್ರೋಮ್ಸೊದಲ್ಲಿ ಆ ವಿಮಾನ ಹತ್ತುವ ಮೊದಲು ಪಾಸ್‌ಪೋರ್ಟ್ ತಪಾಸಣೆ ಇರುತ್ತದೆ. ಅದನ್ನು ದಾಟಿದಿರಿ ಅಂದರೆ ನೀವು ಷೆಂಗೆನ್ ಬಿಟ್ಟು ಹೋದಂತೆ. ತಿರುಗಿ ಬರುವಾಗ ಮತ್ತೆ ಹೊಸದಾಗಿ ಒಳಗೆ ಬರಬೇಕು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ನಲ್ಲೋ ಆಮ್ಸ್‌ಟರ್‌ಡ್ಯಾಮ್‌ನಲ್ಲೋ ಇಳಿದಾಗ ಒಂದು ಪ್ರವೇಶ ಮುಗಿಯಿತು. ಸ್ವಾಲ್ಬಾರ್ಡ್‌ನಿಂದ ವಾಪಸ್ ಬರುವುದು ಎರಡನೆಯದು. ವೀಸಾದ ಮೇಲೆ ಪ್ರವೇಶಗಳ ಸಂಖ್ಯೆಯ ಜಾಗದಲ್ಲಿ 01 ಅಂತಿದ್ದರೆ ನೀವು ಹೋಗಬಹುದು, ಬರಲಾಗುವುದಿಲ್ಲ. ವಿಮಾನ ಕಂಪನಿಯವರು ಇದನ್ನು ನೋಡಿ ಹತ್ತಿಸದೆಯೂ ಇರಬಹುದು, ಹಾಗಾದರೆ ಟಿಕೆಟ್ಟಿನ ದುಡ್ಡು ಹೋದ ಹಾಗೆಯೇ.

ಆದ್ದರಿಂದ ಅರ್ಜಿ ಹಾಕುವಾಗಲೇ ಎರಡು ಅಥವಾ ಹೆಚ್ಚು ಪ್ರವೇಶದ ವೀಸಾ ಕೇಳಿ. ಸ್ವಾಲ್ಬಾರ್ಡ್‌ಗೆ ಹೋಗಿ ಬರುವ ಕಾರಣವನ್ನು ಪತ್ರದಲ್ಲಿ ಬರೆಯಿರಿ, ಅಲ್ಲಿನ ವಸತಿಯ ಬುಕಿಂಗ್ ಜೊತೆಗಿಡಿ. ಕೈಗೆ ವೀಸಾ ಬಂದ ದಿನವೇ ಸ್ಟಿಕ್ಕರ್ ಓದಿ. ಏಜೆಂಟ್ ಮೂಲಕ ಮಾಡಿಸುವವರು ಇದನ್ನು ಬಾಯಿಮಾತಿನಲ್ಲಿ ಬಿಡದೆ ಬರೆದೇ ಕೊಡಿ; ಎಷ್ಟೋ ಏಜೆಂಟರಿಗೆ ಸ್ವಾಲ್ಬಾರ್ಡ್ ಅಂದರೆ ನಾರ್ವೆಯ ಇನ್ನೊಂದು ಜಿಲ್ಲೆ, ಅಷ್ಟೇ.

ಹಾಗಾದರೆ ಸ್ವಾಲ್ಬಾರ್ಡ್‌ಗೆ ಬೇರೆ ವೀಸಾ ಬೇಕೆ?

ಬೇಡ. ಯಾವ ದೇಶದವರಿಗೂ ಅಲ್ಲಿ ವೀಸಾ ಇಲ್ಲ. 1920ರ ಫೆಬ್ರುವರಿ 9ರಂದು ಪ್ಯಾರಿಸ್‌ನಲ್ಲಿ ಆದ ಒಪ್ಪಂದ ದ್ವೀಪಗಳ ಒಡೆತನವನ್ನು ನಾರ್ವೆಗೆ ಕೊಟ್ಟಿತು. ಜೊತೆಗೇ, ಸಹಿ ಹಾಕಿದ ದೇಶಗಳ ಜನರೆಲ್ಲ ಅಲ್ಲಿ ಸಮಾನವಾಗಿ ಹೋಗಿ ಬಂದು ವ್ಯವಹಾರ ಮಾಡಬಹುದು ಅಂತಲೂ ಹೇಳಿತು. 1925ರಲ್ಲಿ ಅದು ಜಾರಿಗೆ ಬಂತು. ಮೊದಲ ಸಹಿಗಳಲ್ಲಿ ಭಾರತದ ಹೆಸರೂ ಇದೆ, ಆಗ ಹಾಕಿದ್ದು ಬ್ರಿಟಿಷರು. ಕಾಗದದ ಮೇಲೆ ನಮಗೆ ಅಲ್ಲಿ ಬದುಕುವ, ದುಡಿಯುವ ದಾರಿಯೂ ತೆರೆದಿದೆ. ಆದರೆ ತಮ್ಮ ಖರ್ಚನ್ನು ತಾವೇ ನಿಭಾಯಿಸಲಾಗದವರನ್ನು ಅಲ್ಲಿಯ ಗವರ್ನರ್ ಕಚೇರಿ ವಾಪಸ್ ಕಳಿಸಬಹುದು.

ಬಾಗಿಲು ತೆರೆದಿದ್ದರೂ ಅಲ್ಲಿಗೆ ಹೋಗುವ ದಾರಿ ಷೆಂಗೆನ್ ಅಂಗಳದ ಮೂಲಕವೇ. ಎರಡು ಪ್ರವೇಶದ ವೀಸಾ ಬೇಕಾಗುವುದು ಅದಕ್ಕೇ. ಅಲ್ಲಿ ಕಳೆದ ದಿನಗಳು ಷೆಂಗೆನ್‌ನ 90 ದಿನದ ಮಿತಿಯೊಳಗೆ ಬರುವುದಿಲ್ಲ ಅನ್ನುವುದು ಒಂದು ಸಣ್ಣ ಲಾಭ.

ಯಾವ ವಿಮಾನಗಳಿವೆ? ದಿನಾ ಇರುತ್ತವೆಯೇ?

ನಾರ್ವೆಯ ಮುಖ್ಯ ಭೂಮಿಯಿಂದ ಎಸ್‌ಎಎಸ್ ಮತ್ತು ನಾರ್ವೇಜಿಯನ್ ಕಂಪನಿಗಳು ಲಾಂಗಿಯರ್‌ಬಿಯೆನ್‌ಗೆ ಹಾರುತ್ತವೆ. ಕೆಲವು ವಿಮಾನ ಓಸ್ಲೊದಿಂದ ನೇರ, ಕೆಲವು ಟ್ರೋಮ್ಸೊ ಮೂಲಕ. ಯಾವ ದಿನ ಯಾವುದು ಅನ್ನುವುದು ಋತುವಿಗೆ ತಕ್ಕಂತೆ ಬದಲಾಗುತ್ತದೆ. ಆದ್ದರಿಂದ ಟ್ರೋಮ್ಸೊ ಹೋಟೆಲ್ ಬುಕ್ ಮಾಡುವುದಕ್ಕಿಂತ ಮೊದಲು ಈ ವಿಮಾನದ ದಿನ ನೋಡಿಕೊಳ್ಳಿ.

ಓಸ್ಲೊದಿಂದ ನೇರ ಹೋದರೆ ಸುಮಾರು 2,000 ಕಿ.ಮೀ., ಮೂರು ಗಂಟೆ. ಟ್ರೋಮ್ಸೊ ನೋಡುವ ಆಸೆ ಇಲ್ಲದಿದ್ದರೆ ಅದೇ ಸುಲಭ. ನೋಡುವುದಿದ್ದರೆ ಒಂದು ಕಡೆ ಟ್ರೋಮ್ಸೊ ಮೂಲಕ, ಇನ್ನೊಂದು ಕಡೆ ಓಸ್ಲೊಗೆ ನೇರ, ಹೀಗೆ ಟಿಕೆಟ್ ಮಾಡುವುದು ನನ್ನ ಪ್ರಕಾರ ಜಾಣತನ.

ಓಸ್ಲೊದಲ್ಲೇ ಹತ್ತಿದ್ದೇನೆ, ಟ್ರೋಮ್ಸೊದಲ್ಲಿ ಯಾಕೆ ಇಳಿಸುತ್ತಾರೆ?

ಪಾಸ್‌ಪೋರ್ಟ್ ತಪಾಸಣೆಗೆ. ಕೈಚೀಲ ಹಿಡಿದು ಇಳಿದು, ಅಧಿಕಾರಿಗೆ ತೋರಿಸಿ, ಮತ್ತೆ ಅದೇ ವಿಮಾನಕ್ಕೆ, ಅದೇ ಸೀಟಿಗೆ. ನಾರ್ವೆಯವರೂ ಗುರುತಿನ ದಾಖಲೆ ತೋರಿಸಲೇಬೇಕು. ಪಾಸ್‌ಪೋರ್ಟನ್ನು ಚೆಕ್-ಇನ್ ಲಗೇಜಿನಲ್ಲಿ ಹಾಕಿ ಪೇಚಿಗೆ ಸಿಲುಕಬೇಡಿ. ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ನಡುವೆ ಧಾರಾಳ ಸಮಯ ಬಿಡಿ; ಒಂದೇ ಟಿಕೆಟ್ಟಾದರೆ ವಿಮಾನ ತಪ್ಪಿದಾಗ ಮುಂದಿನದಕ್ಕೆ ಹತ್ತಿಸುವ ಹೊಣೆ ಕಂಪನಿಯದು.

ದಾರಿಯಲ್ಲಿ ಏನು ಕಾಣುತ್ತದೆ? ಯಾವ ಕಡೆ ಕೂರಬೇಕು?

ಮೊದಲ ಹತ್ತು ನಿಮಿಷ ಟ್ರೋಮ್ಸೊ ಸುತ್ತಲಿನ ದ್ವೀಪ, ಬೆಟ್ಟ, ಫಿಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲು). ಆಮೇಲೆ ಒಂದು ಗಂಟೆ ಬರೀ ಸಮುದ್ರ, ಬಹಳ ಸಲ ಬರೀ ಮೋಡ. ದಾರಿಯ ಅರ್ಧ ದಾಟಿದ ಮೇಲೆ, ಆಕಾಶ ತಿಳಿಯಾಗಿದ್ದರೆ, ಬಲಗಡೆ ದೂರದಲ್ಲಿ ಬ್ಯೋರ್ನೋಯಾ ದ್ವೀಪ ಕಾಣಬಹುದು. ಹವಾಮಾನ ಕೇಂದ್ರದ ಬೆರಳೆಣಿಕೆಯ ಸಿಬ್ಬಂದಿ ಬಿಟ್ಟರೆ ಅಲ್ಲಿ ಜನವಸತಿ ಇಲ್ಲ.

ಕೊನೆಯ ಇಪ್ಪತ್ತು ನಿಮಿಷಕ್ಕಾಗಿಯೇ ಕಿಟಕಿ ಸೀಟು ತೆಗೆದುಕೊಳ್ಳಬೇಕು. ಲಾಂಗಿಯರ್‌ಬಿಯೆನ್ ಇರುವ ಸ್ಪಿಟ್ಸ್‌ಬರ್ಗನ್ ದ್ವೀಪದ ದಕ್ಷಿಣ ತುದಿ ಸಿಕ್ಕ ಕೂಡಲೇ ಕೆಳಗೆ ಹಿಮನದಿಗಳು ಶುರು. ಬಿಳಿಯ ನಡುವೆ ಕಪ್ಪು ಬೆಟ್ಟಗಳ ಚೂಪು ತುದಿಗಳು ಸಾಲಾಗಿ ಎದ್ದಿರುತ್ತವೆ, ಹಿಮನದಿ ಸಮುದ್ರ ಸೇರುವಲ್ಲಿ ನೀರು ಮಣ್ಣು ಬೆರೆತು ಕಂದು ಬಣ್ಣಕ್ಕೆ ತಿರುಗಿರುತ್ತದೆ. ದಾರಿ ನೆಲದ ಮೇಲೆಯೇ ಹಾಯುವುದರಿಂದ ಎಡ, ಬಲ ಎರಡೂ ಕಡೆ ನೋಟ ಇದೆ. ರೆಕ್ಕೆಯ ಮೇಲಿನ ಸಾಲು ಮಾತ್ರ ಬೇಡ.

ಯಾವ ತಿಂಗಳು ಹೋದರೆ ಬೆಳಕಿರುತ್ತದೆ?

ಲಾಂಗಿಯರ್‌ಬಿಯೆನ್‌ನಲ್ಲಿ ಏಪ್ರಿಲ್ 20ರ ಸುಮಾರಿನಿಂದ ಆಗಸ್ಟ್ 22ರ ಸುಮಾರಿನವರೆಗೆ ಸೂರ್ಯ ಮುಳುಗುವುದೇ ಇಲ್ಲ. ಅಕ್ಟೋಬರ್ ಕೊನೆಯ ವಾರದಿಂದ ಫೆಬ್ರುವರಿ ಮಧ್ಯದವರೆಗೆ ಹುಟ್ಟುವುದೇ ಇಲ್ಲ. ಊರು ಬೆಟ್ಟಗಳ ನಡುವಿನ ಕಣಿವೆಯಲ್ಲಿರುವುದರಿಂದ ಬಿಸಿಲು ನಿಜವಾಗಿ ಊರೊಳಗೆ ಬೀಳುವುದು ಮಾರ್ಚ್ 8ರ ಹೊತ್ತಿಗೆ. ಹಳೆಯ ಆಸ್ಪತ್ರೆಯ ಮೆಟ್ಟಿಲಿದ್ದ ಜಾಗದಲ್ಲಿ ಜನ ಸೇರಿ ಆ ಮೊದಲ ಬಿಸಿಲಿಗೆ ಕಾಯುತ್ತಾರೆ, ಮಕ್ಕಳು ಮುಖಕ್ಕೆ ಹಳದಿ ಬಳಿದುಕೊಂಡಿರುತ್ತವೆ. ಟ್ರೋಮ್ಸೊದಲ್ಲಿ ಸೂರ್ಯ ಕಾಣದ ದಿನಗಳು ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಮಾತ್ರ. ಹೀಗಾಗಿ ನವೆಂಬರ್ ಮೊದಲ ವಾರ ಮಧ್ಯಾಹ್ನ ಟ್ರೋಮ್ಸೊದಲ್ಲಿ ಬಿಸಿಲು ಬಿಟ್ಟು ಹೊರಟವರು ಒಂದೂಮುಕ್ಕಾಲು ಗಂಟೆಯಲ್ಲಿ ಕತ್ತಲೆಯ ಊರಿನಲ್ಲಿ ಇಳಿಯುತ್ತಾರೆ.

ಉತ್ತರದ ಬೆಳಕಿಗಾಗಿಯೇ ಹೋಗುವವರಿಗೆ ಒಂದು ಮಾತು. ಹೆಚ್ಚು ಉತ್ತರಕ್ಕೆ ಹೋದಷ್ಟೂ ಹೆಚ್ಚು ಕಾಣುತ್ತದೆ ಅನ್ನುವುದು ಸುಳ್ಳು. ರಾತ್ರಿ ಹೊತ್ತಿನ ಬೆಳಕಿನ ಪಟ್ಟಿ ಸಾಮಾನ್ಯವಾಗಿ ಉತ್ತರ ನಾರ್ವೆಯ ನೆತ್ತಿಯ ಮೇಲೇ ಹಾಯುತ್ತದೆ, ಟ್ರೋಮ್ಸೊ ಅದಕ್ಕೆ ಒಳ್ಳೆಯ ಜಾಗ. ಸ್ವಾಲ್ಬಾರ್ಡ್‌ನ ವಿಶೇಷ ಬೇರೆ: ನಡುಹಗಲೂ ಕತ್ತಲಿರುವ ಡಿಸೆಂಬರ್‌ನಲ್ಲಿ ಹಗಲು ಹೊತ್ತಿನಲ್ಲಿ ಮೂಡುವ ಉತ್ತರದ ಬೆಳಕೂ ಅಲ್ಲಿ ಬರಿಗಣ್ಣಿಗೆ ಸಿಗುತ್ತದೆ. ಬರೀ ಫೋಟೊಗಾದರೆ ಟ್ರೋಮ್ಸೊದಲ್ಲೇ ಉಳಿದು ಆ ದುಡ್ಡು ಉಳಿಸಿ.

ಹವಾಮಾನ ಕೆಟ್ಟರೆ ಏನಾಗುತ್ತದೆ?

ವಿಮಾನ ತಡವಾಗಬಹುದು, ರದ್ದಾಗಬಹುದು, ಅಪರೂಪಕ್ಕೆ ಅಲ್ಲಿಯವರೆಗೆ ಹೋಗಿ ಇಳಿಯದೆ ವಾಪಸ್ಸೂ ಬರಬಹುದು. ಬೇಸಿಗೆಯಲ್ಲಿ ಮಂಜು, ಚಳಿಗಾಲದಲ್ಲಿ ಹಿಮಗಾಳಿ. ಜೆಟ್ ವಿಮಾನ ಇಳಿಯುವಂಥ ಬೇರೆ ನಿಲ್ದಾಣ ಪಕ್ಕದಲ್ಲೆಲ್ಲೂ ಇಲ್ಲ. ಸ್ವಾಲ್ಬಾರ್ಡ್‌ನಲ್ಲೇ ಇನ್ನೂ ಉತ್ತರಕ್ಕಿರುವ ಸಂಶೋಧಕರ ಊರು ನ್ಯು-ಓಲೆಸುಂಡ್‌ನ ರನ್‌ವೇ ಸಣ್ಣ ವಿಮಾನಕ್ಕೆ ಮಾತ್ರ ಸಾಲುತ್ತದೆ. ಇಲ್ಲಿ ಇಳಿಯಲಾಗದಿದ್ದರೆ ಮುಖ್ಯ ಭೂಮಿಗೇ ಮರಳಬೇಕು, ಅಷ್ಟಕ್ಕೂ ಸಾಲುವ ಇಂಧನ ತುಂಬಿಕೊಂಡೇ ಹೊರಡುತ್ತಾರೆ. ಮನೆಗೆ ಮರಳುವ ದೊಡ್ಡ ವಿಮಾನಕ್ಕೂ ಇದಕ್ಕೂ ನಡುವೆ ಒಂದು ರಾತ್ರಿಯಾದರೂ ಬಿಡಿ.

ಅಲ್ಲಿ ಇಳಿಯುವುದು ಅಪಾಯವೇ?

ನಿಲ್ದಾಣ ಸಮುದ್ರದ ದಡದಲ್ಲಿ, ಸುತ್ತ ಬೆಟ್ಟ. 1996ರ ಆಗಸ್ಟ್ 29ರಂದು ಮಾಸ್ಕೊದಿಂದ ಬಂದ ವ್ನುಕೊವೊ ಏರ್‌ಲೈನ್ಸ್‌ನ ಟುಪೊಲೆವ್ ವಿಮಾನ ಇಳಿಯುವ ಹೊತ್ತಿನಲ್ಲಿ ದಾರಿ ಸರಿದು, ಊರಿನ ಪೂರ್ವಕ್ಕಿರುವ ಒಪೆರಾಫ್ಯೆಲ್ ಬೆಟ್ಟಕ್ಕೆ ಬಡಿಯಿತು. ಅದರಲ್ಲಿದ್ದ 141 ಜನರೂ ತೀರಿಕೊಂಡರು. ಬಹಳಷ್ಟು ಜನ ಅಲ್ಲಿನ ಕಲ್ಲಿದ್ದಲು ಗಣಿಗಳ ರಷ್ಯನ್, ಉಕ್ರೇನಿಯನ್ ಕೆಲಸಗಾರರು ಮತ್ತು ಅವರ ಮನೆಯವರು. ನಾರ್ವೆಯ ನೆಲದಲ್ಲಿ ಅಷ್ಟು ದೊಡ್ಡ ವಿಮಾನ ದುರಂತ ಇನ್ನೊಂದಿಲ್ಲ. ಆ ನಂತರ ಪ್ರಯಾಣಿಕ ವಿಮಾನಗಳು ವರ್ಷವಿಡೀ ಇಲ್ಲಿಗೆ ಬಂದು ಹೋಗುತ್ತಿವೆ, ಇಳಿಯುವ ಉಪಕರಣಗಳೂ ಸುಧಾರಿಸಿವೆ. ಭಯಪಡುವ ಕಾರಣ ಇಲ್ಲ.

ರನ್‌ವೇ ಹೆಪ್ಪುಗಟ್ಟಿದ ನೆಲದ ಮೇಲಿದೆ ಅನ್ನುತ್ತಾರೆ, ನಿಜವೇ?

ನಿಜ. ಅಲ್ಲಿ ನೆಲದಡಿ ವರ್ಷಪೂರ್ತಿ ಮಂಜುಗಡ್ಡೆ. 1975ರ ಸೆಪ್ಟೆಂಬರ್‌ನಲ್ಲಿ ದೊರೆ ಐದನೇ ಓಲಾವ್ ಉದ್ಘಾಟಿಸಿದ ಈ ನಿಲ್ದಾಣದ ರನ್‌ವೇ ಸುಮಾರು ಎರಡೂವರೆ ಕಿ.ಮೀ. ಉದ್ದ. ಬೇಸಿಗೆಯಲ್ಲಿ ಮೇಲ್ಪದರ ಕರಗಿ ಮತ್ತೆ ಹೆಪ್ಪುಗಟ್ಟುವಾಗ ನೆಲ ಉಬ್ಬಿ ಕುಸಿದು ಡಾಂಬರು ಅಲೆಅಲೆಯಾಗುತ್ತದೆ. ಹಲವು ಸಲ ಅಗೆದು ಸರಿಪಡಿಸಿದ್ದಾರೆ. ಹವೆ ಬಿಸಿಯಾಗುತ್ತಿರುವ ಈ ಕಾಲದಲ್ಲಿ ಆ ಕೆಲಸ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ.

1975ಕ್ಕೆ ಮೊದಲು ಚಳಿಗಾಲದ ಹಿಮ ಸಮುದ್ರ ಮುಚ್ಚಿತೆಂದರೆ ಕೊನೆಯ ಹಡಗು ಹೋದ ಮೇಲೆ ವಸಂತದವರೆಗೆ ಊರಿಗೆ ಹೊರಗಿನ ಸಂಪರ್ಕ ಹೆಚ್ಚುಕಡಿಮೆ ಕಡಿದಂತೆಯೇ. ಈ ಒಂದೂಮುಕ್ಕಾಲು ಗಂಟೆಯ ಬೆಲೆ ಅಲ್ಲಿಯವರಿಗೆ ಗೊತ್ತು. ಲಾಂಗಿಯರ್‌ಬಿಯೆನ್‌ನ ಜನಸಂಖ್ಯೆ ಸುಮಾರು 2,500. ಆಸ್ಪತ್ರೆ ಇದೆ, ಸಣ್ಣದು. ಕಾಯಿಲೆ ಗಂಭೀರವಾದರೆ ಟ್ರೋಮ್ಸೊದ ವಿಶ್ವವಿದ್ಯಾಲಯ ಆಸ್ಪತ್ರೆಗೆ ಇದೇ 960 ಕಿ.ಮೀ. ಹಾರಬೇಕು. ಹೆರಿಗೆಗೂ ಹಾಗೆಯೇ: ಗರ್ಭಿಣಿಯರು ದಿನ ತುಂಬುವುದಕ್ಕೆ ಕೆಲವು ವಾರ ಮೊದಲೇ ಮುಖ್ಯ ಭೂಮಿಗೆ ಹೋಗಿ ಇರುತ್ತಾರೆ. ನಿಮ್ಮ ಪ್ರಯಾಣ ವಿಮೆ ಬರೀ ಷೆಂಗೆನ್ ದೇಶಗಳಿಗೆ ಅಂತ ಬರೆದಿದ್ದರೆ, ಸ್ವಾಲ್ಬಾರ್ಡ್ ಅದರಲ್ಲಿ ಸೇರಿದೆಯೇ, ವಿಮಾನದಲ್ಲಿ ಸಾಗಿಸುವ ಖರ್ಚು ಸಿಗುತ್ತದೆಯೇ ಎಂದು ಕೇಳಿ ಲಿಖಿತವಾಗಿ ತೆಗೆದುಕೊಳ್ಳಿ.

ಹಡಗಿನಲ್ಲಿ ಹೋಗಬಹುದೇ?

ನಮ್ಮಲ್ಲಿಯ ಬಾರ್ಜಿನ ಹಾಗೆ ಟಿಕೆಟ್ ತೆಗೆದುಕೊಂಡು ಹತ್ತುವ ದಿನನಿತ್ಯದ ಹಡಗು ಇಲ್ಲ. ಬೇಸಿಗೆಯಲ್ಲಿ ಪ್ರವಾಸಿ ಹಡಗುಗಳಿವೆ, ದುಬಾರಿ. ಗಂಟೆಗೆ 15 ನಾಟಿಕಲ್ ಮೈಲಿ ವೇಗದಲ್ಲಿ ಎಲ್ಲೂ ನಿಲ್ಲದೆ ಹೋದರೂ ಒಂದೂವರೆ ದಿನ.

ಇಳಿದ ಮೇಲೆ ಊರಿಗೆ ಹೇಗೆ ಹೋಗುವುದು?

ಪ್ರಯಾಣಿಕ ವಿಮಾನ ಬಂದಾಗ ಹೊರಗೆ ಬಸ್ ಕಾದಿರುತ್ತದೆ, ಒಂದೊಂದೇ ಹೋಟೆಲಿನ ಮುಂದೆ ಇಳಿಸುತ್ತಾ ಹೋಗುತ್ತದೆ. ಊರು ಸುಮಾರು 5 ಕಿ.ಮೀ. ಟ್ಯಾಕ್ಸಿಯೂ ಇದೆ. ನಡೆದೇ ಹೋಗೋಣ ಅನ್ನುವ ಹುಮ್ಮಸ್ಸು ಬೇಡ, ಅದು ಹಿಮಕರಡಿಯ ಸೀಮೆ. ನಿಲ್ದಾಣದ ಹೊರಗೆ ಒಂದು ಕೈಮರ ಇದೆ, ದೂರದೂರದ ಊರುಗಳ ಹೆಸರು, ಕಿಲೋಮೀಟರ್ ಬರೆದ ಹಲಗೆಗಳು ದಿಕ್ಕುದಿಕ್ಕಿಗೆ ಚಾಚಿಕೊಂಡಿವೆ. ಎಲ್ಲರೂ ಅಲ್ಲೇ ಫೋಟೊ ಹೊಡೆಸಿಕೊಳ್ಳುವುದು. ಅಲ್ಲಿಂದ ಉತ್ತರ ಧ್ರುವ ಇನ್ನು ಸುಮಾರು 1,300 ಕಿ.ಮೀ.

ಹಾಗೇ ತಲೆಯೆತ್ತಿ ಬೆಟ್ಟದ ಕಡೆ ನೋಡಿ. ಮಂಜಿನಿಂದ ಹೊರಚಾಚಿದ ಕಾಂಕ್ರೀಟ್ ಬಾಗಿಲೊಂದು ಕಾಣುತ್ತದೆ, ಅದೇ 2008ರಲ್ಲಿ ತೆರೆದ, ಪ್ರಪಂಚದ ಬೆಳೆಗಳ ಬೀಜ ಕಾಪಿಡುವ ಜಾಗತಿಕ ಬೀಜ ಭಂಡಾರ. ಒಳಗೆ ಪ್ರವಾಸಿಗರನ್ನು ಬಿಡುವುದಿಲ್ಲ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಎಂಬ ಒಣಬೇಸಾಯ ಬೆಳೆಗಳ ಸಂಶೋಧನಾ ಸಂಸ್ಥೆ ಕಳಿಸಿದ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಬೀಜಗಳು ಅಲ್ಲಿವೆ. ಕಲಬುರಗಿ, ವಿಜಯಪುರದ ಹೊಲಗಳಲ್ಲಿ ಬೆಳೆಯುವ ಬೆಳೆಗಳ ಬೀಜ ಅಷ್ಟು ದೂರ ಹೋಗಿ ಕೂತಿದೆ.

ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ ಅಲ್ಲೇ ಇದೆಯಲ್ಲವೇ? ನೋಡಿ ಬರಬಹುದೇ?

ಹಿಮಾದ್ರಿ ಇರುವುದು ಇನ್ನೂ ಉತ್ತರಕ್ಕೆ, ನ್ಯು-ಓಲೆಸುಂಡ್‌ನಲ್ಲಿ. 2008ರ ಜುಲೈ 1ರಂದು ಶುರುವಾಯಿತು, ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತದೆ. 2023ರ ಡಿಸೆಂಬರ್‌ನಲ್ಲಿ ಹೊರಟ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪಾಲೂ ಇತ್ತು. ಲಾಂಗಿಯರ್‌ಬಿಯೆನ್‌ನಿಂದ ಅಲ್ಲಿಗೆ ಡಾರ್ನಿಯರ್ 228 ವಿಮಾನದಲ್ಲಿ ಅರ್ಧ ಗಂಟೆಯೂ ಇಲ್ಲ. ನಮ್ಮ ಎಚ್‌ಎಎಲ್ ಕಾನ್ಪುರದಲ್ಲಿ ಪರವಾನಗಿ ಪಡೆದು ತಯಾರಿಸುವುದೂ ಅದೇ ಮಾದರಿ. ಆದರೆ ಆ ಸೀಟುಗಳು ಸಂಶೋಧನೆಗೆ ಹೋಗುವವರಿಗೆ. ಪ್ರವಾಸಿಗರು ಬೇಸಿಗೆಯ ಹಡಗಿನಲ್ಲಿ ಹೋಗಿ ಊರು ಸುತ್ತಬಹುದು, ಕೇಂದ್ರದ ಕಟ್ಟಡವನ್ನು ಹೊರಗಿನಿಂದ ನೋಡಬಹುದು.

ವಾಪಸ್ ಬರುವಾಗ ಕಸ್ಟಮ್ಸ್ ಇದೆಯೇ?

ಇದೆ. ಸ್ವಾಲ್ಬಾರ್ಡ್‌ನಲ್ಲಿ ನಾರ್ವೆಯ ಮೌಲ್ಯವರ್ಧಿತ ತೆರಿಗೆ ಇಲ್ಲ, ಹಾಗಾಗಿ ಅಲ್ಲಿಂದ ತರುವ ಸಾಮಾನಿಗೆ ಹೊರದೇಶದಿಂದ ತಂದಷ್ಟೇ ಮಿತಿ. ಮದ್ಯ ಕೊಳ್ಳುವವರು ಅಂಗಡಿಯಲ್ಲಿ ವಾಪಸ್ ಟಿಕೆಟ್ ತೋರಿಸಬೇಕಾಗುತ್ತದೆ. ಮುಂದಕ್ಕೆ ಓಸ್ಲೊ ಕಡೆಗೆ ಇನ್ನೊಂದು ವಿಮಾನ ಇದ್ದರೆ, ಲಗೇಜನ್ನು ಟ್ರೋಮ್ಸೊದಲ್ಲಿ ತೆಗೆದುಕೊಂಡು ಮತ್ತೆ ಕೊಡಬೇಕೇ ಅಂತ ಲಾಂಗಿಯರ್‌ಬಿಯೆನ್ ಕೌಂಟರಿನಲ್ಲೇ ಕೇಳಿಕೊಂಡು ಹೊರಡಿ.